ಎರಡು ಬೆರಳು ಗಾರೆ

ಮೇಸ್ತ್ರಿ ಹೇಡಿ. ಕೆಲಸ ಬಲ್ಲವನು, ಕುಡಿಯುವವನಲ್ಲ, ಕೈಕೆಳಗಿನವರ ಮೇಲೆ ಕೈ ಎತ್ತಿದವನಲ್ಲ, ಮೂವತ್ತೈದು ವರ್ಷಗಳಲ್ಲಿ ಒಂದು ದಿನವೂ ಸೈಟಿಗೆ ತಡವಾಗಿ ಬಂದವನಲ್ಲ. ಇವೆಲ್ಲ ನಿಜ. ಆದರೆ ಎದುರಿಗಿರುವವರ ಮುಖ ನೋಡಿ ಒಂದು ಕಹಿ ಮಾತು ಹೇಳುವ ಧೈರ್ಯ ಆತನಿಗೆ ಎಂದೂ ಇರಲಿಲ್ಲ. ಹೇಳಬೇಕಾದದ್ದರ ಮೇಲೆ ಗಾರೆ ಮೆತ್ತಿ, ಮಟ್ಟಗೋಲು ಎಳೆದು, ನುಣ್ಣಗೆ ಮಾಡಿ ಮನೆಗೆ ಹೋಗುವವನು. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಆತ ಮಾಡಿದ್ದು ಅಕ್ಷರಶಃ ಇದನ್ನೇ.

ಆತನನ್ನು ನಾನು ಮೊದಲು ನೋಡಿದ್ದು ನಾನು ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹೊಸ ಪ್ರಯೋಗಶಾಲೆ ಏಳುತ್ತಿದ್ದಾಗ. ಆಗ ಆತನಿಗೆ ಮೂವತ್ತು ದಾಟಿರಲಿಲ್ಲ. ಇಟ್ಟಿಗೆ ಗೋಡೆ ಎದ್ದ ಮೇಲೆ ಅದರ ಮುಂದೆ ನಿಂತು, ಕುದುರೆ ಕೊಳ್ಳಲು ಬಂದವನ ಹಾಗೆ ಅಂಗೈಯಿಂದ ಅದನ್ನು ಸವರುತ್ತಿದ್ದ. ಆಮೇಲೆ ಕರಣೆಯ ತುದಿಯಿಂದ ತೋರಿಸಿ ಹೇಳುತ್ತಿದ್ದ: "ಇಲ್ಲಿ ಅರ್ಧ ಬೆರಳು ಸಾಕು. ಆ ಮೂಲೇಲಿ ಎರಡು ಬೆರಳು ಹಾಕಿ. ನಡುವೆ ಒಂದೂವರೆ." ಸಂಜೆಯ ಹೊತ್ತಿಗೆ ಡೊಂಕು ಗೋಡೆ ಗಾರೆಯೊಳಗೆ ನೆಟ್ಟಗಾಗಿರುತ್ತಿತ್ತು. ನಾನು ವಿದ್ಯಾರ್ಥಿಗಳನ್ನು ಕರೆತಂದು, ಗೋಡೆಗೆ ಪಕ್ಕದಿಂದ ಟಾರ್ಚ್ ಹಿಡಿಸಿ, ಒಂದಾದರೂ ನೆರಳು ಬೀಳುತ್ತದೆಯೇ ನೋಡಿ ಎಂದಿದ್ದೆ. ಬಿದ್ದಿರಲಿಲ್ಲ. ಮೇಸ್ತ್ರಿ ಒಂದು ಬದಿಯಲ್ಲಿ ನಿಂತು ನಾಚುತ್ತಿದ್ದ.

ಆ ವೃತ್ತಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಗೋಡೆ ಕಟ್ಟುವ ತಂಡವೇ ಗಾರೆಯನ್ನೂ ಬಳಿಯುತ್ತದೆ. ಕಟ್ಟುವಾಗಿನ ತಪ್ಪನ್ನು ಬಳಿಯುವಾಗ ಮುಚ್ಚಬಹುದು. ಹಾಗಾಗಿ ಕಟ್ಟುವಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಳಿದ ಮೇಲೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಕಟ್ಟಡಕ್ಕೆ ಇದರಿಂದ ಅಪಾಯವಿಲ್ಲ. ಭಾರ ಹೊರುವುದು ಕಾಂಕ್ರೀಟಿನ ಕಂಬಗಳು, ಕೋಣೆ ಬೇರ್ಪಡಿಸುವ ಗೋಡೆ ಎರಡು ಬೆರಳು ವಾಲಿದರೆ ಯಾರ ತಲೆಯ ಮೇಲೂ ಬೀಳುವುದಿಲ್ಲ. ಒಂದಿಷ್ಟು ಸಿಮೆಂಟು ದಂಡ, ಅಷ್ಟೇ. ಈ ರೂಢಿಯಿಂದ ಮೇಸ್ತ್ರಿಗೆ ಹೆಸರು ಬಂತು. ಆತನ ಕೈ ಮುಚ್ಚಲಾರದ ತಪ್ಪೇ ಇಲ್ಲ ಎಂದು ಗುತ್ತಿಗೆದಾರರು ಹೇಳುತ್ತಿದ್ದರು, ಹೊಗಳಿಕೆಯಾಗಿಯೇ.

ಹೀಗೆ ಮುಚ್ಚಿದ್ದರಲ್ಲಿ ಬಹುಪಾಲು ಭಾಮೈದನದು.

ಹೆಂಡತಿಯ ಒಬ್ಬನೇ ತಮ್ಮ. ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕನ ಮನೆಗೆ ಬಂದು, ಭಾವನ ಹಿಂದೆ ಸೈಟಿಗೆ ಹೋಗಿ ಇಟ್ಟಿಗೆ ಕೆಲಸ ಕಲಿತ. ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಆತ ಇದ್ದ ಕಡೆ ಜನ ನಗುತ್ತಾ ಕೆಲಸ ಮಾಡುತ್ತಿದ್ದರು. ನಲವತ್ತು ತುಂಬುವ ಹೊತ್ತಿಗೆ ಆತನ ಗೋಡೆಗಳು ಮೂಲೆಯ ಕಡೆ ವಾಲತೊಡಗಿದವು. ಮೇಸ್ತ್ರಿ ಮೊದಲು ಬೈದ, ಆಮೇಲೆ ಗಮನಿಸಿದ. ಎದುರಿಗೆ ಕಟ್ಟಿದ ದಾರ ಭಾಮೈದನಿಗೆ ಕಾಣುತ್ತಿತ್ತು. ಪಕ್ಕದಲ್ಲಿಟ್ಟ ನೀರಿನ ಬಕೆಟ್ಟು ಕಾಣುತ್ತಿರಲಿಲ್ಲ. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತಾ ಬರುತ್ತಿದೆ, ಹೋದದ್ದು ಹೋಯಿತು, ಹನಿ ಹಾಕುತ್ತಿದ್ದರೆ ಉಳಿದದ್ದು ಸ್ವಲ್ಪ ಕಾಲ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು.

ಆ ದಿನ ಮನೆಯಲ್ಲಿ ಮೇಸ್ತ್ರಿಯ ಹೆಂಡತಿ ತಟ್ಟೆ ಇಡುತ್ತಾ ಕೇಳಿದಳಂತೆ:

"ಈಗೇನ್ ಮಾಡ್ತೀರಿ ಅವನ್ನ?"

"ಏನ್ ಮಾಡೋದು? ಇರ್ಲಿ."

"ಇರ್ಲಿ ಅಂದ್ರೆ? ಗೋಡೆ ಕೆಲಸದಿಂದ ಇಳಿಸಿದ್ರೆ ಅವನು ಬದುಕಲ್ಲ. ನನ್ನ ತಮ್ಮ ನಂಗೊತ್ತು."

"ಇಳಿಸಲ್ಲ ಅಂದ್ನಲ್ಲೇ. ನಾನಿದೀನಿ, ಗಾರೆ ಇದೆ."

ಈ ಒಪ್ಪಂದ ಏಳು ವರ್ಷ ನಡೆಯಿತು. ಭಾಮೈದ ಕಟ್ಟುವುದು, ಭಾವ ಮುಚ್ಚುವುದು. ತಂಡದಲ್ಲಿ ಒಬ್ಬರಿಬ್ಬರಿಗೆ ಅನುಮಾನವಿದ್ದಿರಬೇಕು. ಯಾರೂ ಬಾಯಿ ಬಿಡಲಿಲ್ಲ.

ಎಂಟನೆಯ ವರ್ಷ ಯಂತ್ರ ಬಂತು.

ಎಂಟು ಅಂತಸ್ತಿನ ವಸತಿ ಕಟ್ಟಡ. ಗಾರೆಯವರು ಸಿಗುತ್ತಿರಲಿಲ್ಲ, ಸಿಕ್ಕಿದವರು ನಿಲ್ಲುತ್ತಿರಲಿಲ್ಲ. ಕಂಪನಿಯವರು ಗಾರೆ ಬಳಿಯುವ ಯಂತ್ರವೊಂದನ್ನು ಪ್ರಯೋಗಕ್ಕೆ ತರಿಸಿದರು. ನೋಡಲು ಬಟ್ಟೆಯ ಬೀರುವಿನಷ್ಟಿತ್ತು. ನೆಲ ಮತ್ತು ಸೂರಿನ ನಡುವೆ ಎರಡು ಉಕ್ಕಿನ ಕಂಬಗಳನ್ನು ಬಿಗಿದರೆ, ಗಾರೆ ತುಂಬಿದ ತೊಟ್ಟಿ ಆ ಕಂಬಗಳ ಮೇಲೆ ಹತ್ತುತ್ತಾ, ಗೋಡೆಗೆ ಗಾರೆಯನ್ನು ಒತ್ತಿ ಸಪಾಟು ಮಾಡುತ್ತಾ ಹೋಗುತ್ತದೆ. ನಾಲ್ವರು ಒಂದು ದಿನದಲ್ಲಿ ಮಾಡುವುದನ್ನು ಅದು ಒಂದು ಗಂಟೆಯಲ್ಲಿ ಮಾಡುತ್ತದೆ. ಆದರೆ ಅದಕ್ಕೆ ಅಂಗೈ ಇಲ್ಲ. ಎಲ್ಲಿ ಅರ್ಧ ಬೆರಳು, ಎಲ್ಲಿ ಎರಡು ಬೆರಳು ಎಂದು ಅದು ಕೇಳುವುದಿಲ್ಲ. ಗೋಡೆ ನೆಟ್ಟಗಿದೆ ಎಂದು ನಂಬಿಕೊಂಡೇ ಹೊರಡುತ್ತದೆ.

ಅದನ್ನು ನಡೆಸಲು ಬಂದವಳು ಹೊರಗಿನವಳಲ್ಲ. ಇದೇ ಮೇಸ್ತ್ರಿಯ ತಂಡದಲ್ಲಿ ಇಪ್ಪತ್ತೆರಡು ವರ್ಷ ತಲೆಯ ಮೇಲೆ ಬಾಂಡ್ಲಿಯಲ್ಲಿ ಗಾರೆ ಹೊತ್ತ ಹೆಂಗಸಿನ ಮಗಳು. ತಾಯಿ ಸಾಮಾನು ಎತ್ತುವ ಲಿಫ್ಟಿಗಿಂತ ಬೇಗ ಮೆಟ್ಟಿಲು ಹತ್ತುತ್ತಿದ್ದಳೆಂದು ಎಲ್ಲರೂ ಆಕೆಯನ್ನು ಲಿಫ್ಟಮ್ಮ ಎನ್ನುತ್ತಿದ್ದರು. ಕತ್ತು ಹೋಗಿತ್ತು, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಮಗಳು ತರಬೇತಿ ಮುಗಿಸಿ ಯಂತ್ರದ ಕೆಲಸ ಹಿಡಿದ ವಾರ ತಾಯಿ ಬಾಂಡ್ಲಿಯನ್ನು ಬಿಟ್ಟಿದ್ದಳು. ಮಗಳಿಗೆ ಮೊದಲ ದಿನವೇ ಮಷಿನಕ್ಕ ಎಂದು ಹೆಸರು ಬಿತ್ತು. ಆಕೆ ಮೇಸ್ತ್ರಿಯನ್ನು ಚಿಕ್ಕಂದಿನಿಂದ ದೊಡ್ಡಪ್ಪ ಎನ್ನುತ್ತಿದ್ದಳು.

ಯಂತ್ರದ ಪೆಟ್ಟಿಗೆ ಒಡೆದಾಗ ತಂಡವೆಲ್ಲ ಸುತ್ತ ನಿಂತಿತ್ತು.

"ಇದಕ್ಕೆ ಟೀ ಕೊಡ್ಬೇಕಾ?" ಎಂದ ಒಬ್ಬ.

"ಟೀ ಕೇಳಲ್ಲ, ಸಿಗರೇಟ್ ಕೇಳಲ್ಲ, ರಜಾ ಕೇಳಲ್ಲ, ಎದುರು ಮಾತಾಡಲ್ಲ," ಎಂದಳು ಮಷಿನಕ್ಕ.

"ಅಯ್ಯೋ, ಹಾಗಾದ್ರೆ ನಮ್ಮಮ್ಮಂಗೆ ಹೇಳ್ತೀನಿ, ಸೊಸೆ ಮಾಡ್ಕೊಳ್ಳಲಿ," ಎಂದ ಭಾಮೈದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹಿಂದಿನಿಂದ ಯಾರೋ, "ನಗ್ರಪ್ಪ ನಗ್ರಿ, ನಾಳೆ ನಮ್ಮನ್ನೂ ಪೆಟ್ಟಿಗೇಲಿ ಹಾಕಿ ಕಳಿಸ್ತಾರೆ," ಎಂದರು.

ಶುರುವಿನ ತೊಂದರೆಗಳು ಎಲ್ಲ ಕಡೆ ಇರುವಂಥವೇ. ಮರಳಿನಲ್ಲಿ ಕಲ್ಲುಹರಳು ಬಂದು ಯಂತ್ರದ ಬಾಯಿ ಕಟ್ಟಿತು. ಜರಡಿ ಹಿಡಿಯಲು ಯಾರೂ ಒಪ್ಪಲಿಲ್ಲ, ಅದು ನಮ್ಮ ಕೆಲಸ ಅಲ್ಲ ಎಂದರು. ಕರೆಂಟು ಏರಿಳಿದು ತೊಟ್ಟಿ ಅರ್ಧ ದಾರಿಯಲ್ಲಿ ನಿಂತಿತು. ಬಚ್ಚಲುಮನೆಯ ಬಾಗಿಲಲ್ಲಿ ಯಂತ್ರ ಹಿಡಿಸಲೇ ಇಲ್ಲ. ಇವೆಲ್ಲಕ್ಕೂ ಮಷಿನಕ್ಕ ಒಂದೊಂದು ದಾರಿ ಹುಡುಕಿದಳು. ನಾಲ್ಕನೆಯ ಅಂತಸ್ತಿನ ಮೊದಲ ನಾಲ್ಕು ಕೋಣೆಗಳು ಸರಾಗವಾಗಿ ಮುಗಿದವು. ಅವನ್ನು ಕಟ್ಟಿದವನು ಮೇಸ್ತ್ರಿ.

ಐದನೆಯ ಕೋಣೆ ಭಾಮೈದನದು. ಯಂತ್ರ ಹತ್ತಿತು, ಇಳಿಯಿತು. ಮೇಲಿನ ಮೂರು ಅಡಿಯ ಗಾರೆ ಒದ್ದೆ ಕಂಬಳಿಯಂತೆ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲವೂ ಅದೇ. ಆರನೆಯ ಕೋಣೆಯಲ್ಲಿ ಗೋಡೆ ಮುಂದಕ್ಕೆ ವಾಲಿತ್ತು. ಯಂತ್ರದ ತಗಡು ಇಟ್ಟಿಗೆಯನ್ನು ಕೆರೆದು ಕಿರುಚಿತು. ಜನ ಬಾಗಿಲಲ್ಲಿ ತುಂಬಿಕೊಂಡು ಕೇಕೆ ಹಾಕಿದರು. "ಸೊಸೆ ಎದುರು ಮಾತಾಡ್ತಿದಾಳೆ!" ಎಂದು ಯಾರೋ ಕೂಗಿದರು.

ಮಷಿನಕ್ಕ ಮೇಸ್ತ್ರಿಯ ಹತ್ತಿರ ಬಂದಳು. "ದೊಡ್ಡಪ್ಪ, ಮಷಿನ್ ಸರಿಯಾಗಿದೆ. ಗೋಡೆ ನೋಡಿ. ಮೇಲೆ ಹಿಂದಕ್ಕೆ ಹೋಗಿದೆ. ಗಾರೆ ಮೂರು ಬೆರಳು ದಪ್ಪ ಆದ್ರೆ ನಿಲ್ಲುತ್ತಾ? ನೀವೇ ಹೇಳಿ."

ಭಾಮೈದ ಅಲ್ಲೇ ಇದ್ದ. ಮೇಸ್ತ್ರಿ ಒಂದು ಮಾತು ಹೇಳಿದ್ದರೆ ಸಾಕಿತ್ತು: ಹೌದು, ಗೋಡೆ ವಾಲಿದೆ. ಆಗ ಮುಂದಿನ ಪ್ರಶ್ನೆ, ಕಟ್ಟಿದವರು ಯಾರು. ಅದರ ಮುಂದಿನದು, ಯಾಕೆ ಹೀಗೆ. ಆ ಪ್ರಶ್ನೆಗೆ ಭಾಮೈದನ ಕಣ್ಣು ಎಲ್ಲರೆದುರು ಬರುತ್ತಿತ್ತು.

"ನಮ್ಮ ಗೋಡೆಗೆ ಇಷ್ಟು ವರ್ಷ ಯಾರೂ ಬೆರಳು ತೋರ್ಸಿಲ್ಲ ಕಣಮ್ಮ," ಎಂದ ಮೇಸ್ತ್ರಿ.

ಆಕೆ ಆತನ ಮುಖವನ್ನೇ ನೋಡಿದಳು. ಆತ ಗೋಡೆಯನ್ನು ನೋಡಿದ.

ಅದು ಶನಿವಾರ. ಸೈಟ್ ಎಂಜಿನಿಯರು ಕಂಪನಿಗೆ ಫೋನ್ ಮಾಡಿದ. ಯಂತ್ರ ಇಟ್ಟುಕೊಳ್ಳಬೇಕೇ ಬೇಡವೇ ಎಂದು ಹೊರಗಿನವರೊಬ್ಬರು ನೋಡಿ ವರದಿ ಕೊಡಲಿ ಎಂದು ಕಂಪನಿಯವರು ನನ್ನನ್ನು ಕೇಳಿದರು. ನಾನು ಸೋಮವಾರ ಬರುತ್ತೇನೆಂದೆ. ಭಾನುವಾರ ಕೆಲಸಕ್ಕೆ ರಜೆ. ಆ ರಜೆಯ ದಿನ ಮೇಸ್ತ್ರಿ ಒಬ್ಬನೇ ಬೆಳಿಗ್ಗೆ ಆರಕ್ಕೆ ಬಂದು, ಐದು ಮತ್ತು ಆರನೆಯ ಕೋಣೆಗಳಲ್ಲಿ ಉಳಿದಿದ್ದ ಗಾರೆಯನ್ನು ಕೆರೆದು ತೆಗೆದು, ತಾನೇ ಕಲಸಿ, ತಾನೇ ಹೊತ್ತು, ಆ ಎರಡೂ ಗೋಡೆಗಳನ್ನು ಕೈಯಿಂದ ಬಳಿದ. ಹಿಂದಕ್ಕೆ ವಾಲಿದ್ದ ಗೋಡೆಗೆ ಒಂದೇ ಸಲಕ್ಕೆ ದಪ್ಪ ಮೆತ್ತದೆ, ತೆಳುವಾಗಿ ಬಳಿದು, ಬಿಗಿಯುವವರೆಗೆ ಕಾದು, ಅದರ ಮೇಲೆ ಇನ್ನೊಂದು ಪದರ. ಯಂತ್ರಕ್ಕೆ ಈ ಕಾಯುವಿಕೆ ಗೊತ್ತಿಲ್ಲ.

ಸೋಮವಾರ ನಾನು ನೋಡಿದ್ದು ಆ ಗೋಡೆಗಳನ್ನು. ಮಟ್ಟಗೋಲು ಇಟ್ಟೆ, ಕೂದಲು ತೂರುವಷ್ಟು ಸಂದಿಯೂ ಇರಲಿಲ್ಲ. ಗೋಡೆಯ ತಪ್ಪು ಎಂದು ಮಷಿನಕ್ಕ ಹೇಳಿದಳು. ಯಂತ್ರ ನಡೆಸುವವರೆಲ್ಲ ಗೋಡೆಯನ್ನೇ ಬೈಯುತ್ತಾರೆ, ಅದೇ ಗೋಡೆಗೆ ಕೈಗಾರೆ ನಿಂತಿದೆಯಲ್ಲ ಎಂದ ಎಂಜಿನಿಯರು. ನಾನು ಮೇಸ್ತ್ರಿಯನ್ನು ಕೇಳಿದೆ. ನನಗೂ ಅದೇ ಉತ್ತರ ಕೊಟ್ಟ: "ಇಷ್ಟು ವರ್ಷ ಯಾರೂ ಬೆರಳು ತೋರ್ಸಿಲ್ಲ ಮೇಡಂ." ಅದು ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಯಾರೂ ತೋರಿಸಿರಲಿಲ್ಲ. ಒಂದು ಮೊಳೆ ಹೊಡೆದು ಗಾರೆಯ ದಪ್ಪ ನೋಡುವುದು ಎರಡು ನಿಮಿಷದ ಕೆಲಸ. ನಾನು ಹೊಡೆಯಲಿಲ್ಲ. ಅಷ್ಟು ಚೆಂದದ ಗೋಡೆಗೆ ಮೊಳೆ ಹೊಡೆಯಲು ಮನಸ್ಸಾಗಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಇಲ್ಲಿನ ಸ್ಥಿತಿಗೆ ಯಂತ್ರ ಹೊಂದುವುದಿಲ್ಲ ಎಂದು ಎರಡು ಪುಟ ಬರೆದು ಸಹಿ ಹಾಕಿದೆ.

ಯಂತ್ರಕ್ಕೆ ಟಾರ್ಪಾಲು ಹೊದಿಸಿ ನೆಲಮಾಳಿಗೆಯಲ್ಲಿ ನಿಲ್ಲಿಸಿದರು. ಮಷಿನಕ್ಕನನ್ನು ಸಿಮೆಂಟ್ ಗೋದಾಮಿನ ಬಾಗಿಲಲ್ಲಿ ಚೀಟಿ ಹರಿಯುವ ಕೆಲಸಕ್ಕೆ ಹಾಕಿದರು. ಮತ್ತೆ ಕೈಗಾರೆಯೇ ಎಂದಾದಾಗ ಹೊರುವವರು ಸಾಲದೆ ಹೋದರು. ಲಿಫ್ಟಮ್ಮ ವಾಪಸು ಬಂದಳು.

ಮೇಸ್ತ್ರಿ ಗೆದ್ದಿದ್ದ. ತಂಡ ಆತನ ಬೆನ್ನು ತಟ್ಟಿತು. "ಮೇಸ್ತ್ರಿ ಕೈ ಮುಂದೆ ಮಷಿನ್ ಯಾವ ಲೆಕ್ಕ," ಎಂದು ಟೀ ಕುಡಿಯುವಲ್ಲಿ ಮಾತಾಯಿತು. ಭಾಮೈದ ಯಂತ್ರದಂತೆ ಕೈ ಬಿಗಿಹಿಡಿದು, ಮೆಲ್ಲಗೆ ಎದ್ದು, ಧೊಪ್ಪನೆ ಬೀಳುವ ಆಟ ಆಡಿ ನಗಿಸಿದ. ಮೇಸ್ತ್ರಿ ಲೋಟ ಕೆಳಗಿಟ್ಟು ಎದ್ದುಹೋದ.

ಮರುದಿನದಿಂದ ಆತ ಮುಂಬಾಗಿಲಲ್ಲಿ ಬರುವುದನ್ನು ಬಿಟ್ಟ. ಮುಂಬಾಗಿಲಿಗೆ ಬಂದರೆ ಗೋದಾಮಿನ ಎದುರು ಹಾಯಬೇಕು. ಹಿಂದಿನ ನೀರಿನ ತೊಟ್ಟಿಯ ಪಕ್ಕ, ಕಬ್ಬಿಣದ ಸರಳುಗಳ ರಾಶಿ ದಾಟಿ, ತಗಡಿನ ಬೇಲಿಯ ಸಂದಿಯಲ್ಲಿ ನುಸುಳಿ ಬರುತ್ತಿದ್ದ. ಎರಡು ಸಲ ಅಂಗಿ ಹರಿಯಿತು. ಆದರೆ ಸಿಮೆಂಟು ಬೇಕಾದರೆ ಚೀಟಿ ಬೇಕು. ಒಂದು ದಿನ ಬೇರೆ ಯಾರೂ ಸಿಗದೆ ತಾನೇ ಹೋದ.

"ಎಷ್ಟು ಮೂಟೆ, ಮೇಸ್ತ್ರಿಗಳೇ?" ಎಂದಳು ಆಕೆ.

ಆತ ಎಷ್ಟು ಮೂಟೆ ಎಂದು ಮರೆತ. ಕೈಬೆರಳಲ್ಲಿ ಎಣಿಸಿ ಹೇಳಿದ. ಆಕೆ ಚೀಟಿ ಹರಿದು ಕೊಟ್ಟಳು. ಜಗಳವಾಡಿದ್ದರೆ ಆತನಿಗೆ ಹಗುರವಾಗುತ್ತಿತ್ತು. ಆಕೆ ಆಡಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಗೋಡೆಗೆ ಅಂಗೈ ಒತ್ತಿಕೊಂಡು ಕೂರುವ ಅಭ್ಯಾಸ ಹತ್ತಿತು. ಹೆಂಡತಿ, "ಏನ್ರೀ, ಮನೆ ಗೋಡೆನೂ ವಾಲಿದ್ಯಾ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದು. ಆತ ಕೈ ತೆಗೆದು, "ನಿನ್ನ ತಮ್ಮನ್ನ ಕೇಳು," ಎಂದುಬಿಟ್ಟ. ಆಕೆ ಎರಡು ದಿನ ಮಾತಾಡಲಿಲ್ಲ. ಆತ ಮೂರನೆಯ ದಿನ ತಾನೇ ಮೇಲೆ ಬಿದ್ದು ಸಮಾಧಾನ ಮಾಡಿದ. ಹಾಗೆ ಹೇಳಬಾರದಿತ್ತು ಎಂದ. ಹೇಳಬೇಕಾದದ್ದನ್ನು ಹೇಳಿದ ಒಂದೇ ಒಂದು ಸಲವೂ ಕ್ಷಮೆ ಕೇಳಿದ, ನೋಡಿ.

ಸಾಮಾನು ಎತ್ತುವ ಲಿಫ್ಟಿನ ಕಂಬವನ್ನು ಆಗಿನ್ನೂ ಏಳನೆಯ ಅಂತಸ್ತಿನವರೆಗೆ ಏರಿಸಿರಲಿಲ್ಲ. ಆರರಿಂದ ಏಳಕ್ಕೆ ಗಾರೆಯನ್ನು ತಲೆಯ ಮೇಲೆ ಹೊರಬೇಕಿತ್ತು. ಒಂದು ಮಧ್ಯಾಹ್ನ ಲಿಫ್ಟಮ್ಮ ತುಂಬಿದ ಬಾಂಡ್ಲಿ ಹೊತ್ತು ಏಳನೆಯ ಅಂತಸ್ತಿನ ಕೋಣೆಗೆ ಬಂದಳು. ಮೇಸ್ತ್ರಿ ಸಾರುವೆಯ ಹಲಗೆಯ ಮೇಲೆ ನಿಂತು ಇಟ್ಟಿಗೆ ಕಟ್ಟುತ್ತಿದ್ದ. ಬಗ್ಗಿ ಕೈ ಚಾಚಿದ. ಆಕೆ ಬಾಂಡ್ಲಿಯನ್ನು ತಲೆಯಿಂದ ಎತ್ತಿದಳು. ನಡುದಾರಿಯಲ್ಲಿ ಎರಡೂ ಕೈ ಸತ್ತವು. ಬಾಂಡ್ಲಿ ಆಕೆಯ ಕಾಲಿನ ಮೇಲೆ ಬಿತ್ತು. ಗಾರೆ ನೆಲದ ಮೇಲೆ ಹರಡಿತು.

ಆಕೆ ಗೋಡೆಗೆ ಒರಗಿ ಮೆಲ್ಲಗೆ ಕೂತಳು. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಅದನ್ನು ನೋಡದೆ ತನ್ನ ಕೈಗಳನ್ನೇ ನೋಡುತ್ತಿದ್ದಳು, ಯಾರದೋ ಕೈ ಎನ್ನುವಂತೆ. ಮೇಸ್ತ್ರಿ ಸಾರುವೆಯಿಂದ ಹಾರಿ ಬಂದ.

"ಏನಾಯ್ತು? ಏನಾಯ್ತೇ?"

"ಏನಿಲ್ಲ ಮೇಸ್ತ್ರಿ. ಮಷಿನ್ ಗಾರೆ ಬೀಳಿಸ್ತು ಅಂದ್ರಲ್ಲ, ಇವತ್ತು ನಾನೂ ಬೀಳಿಸ್ದೆ." ಉಸಿರು ಹಿಡಿದು ನಕ್ಕಳು. "ನನ್ನನ್ನೂ ಕೆಳಗೆ ಇಟ್ಟು ಟಾರ್ಪಾಲು ಹೊದ್ಸಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಕೆಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದಳು. ಮೇಸ್ತ್ರಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಆಕೆಯ ಕಾಲಿಗೆ ಕಟ್ಟಲು ಹೋದ. ಗಂಟು ಹಾಕಲು ಆತನಿಗೆ ಬರಲಿಲ್ಲ. ಬೇರೆಯವರು ಕಟ್ಟಿದರು.

ಮಾರನೆಯ ದಿನ ಆತ ಭಾಮೈದನನ್ನು ಗೋಡೆಯಿಂದ ಇಳಿಸಿದ. ಅದನ್ನೂ ನೇರವಾಗಿ ಮಾಡಲಿಲ್ಲ. ಮರಳು ಜರಡಿ ಹಿಡಿಯಲು ಜನ ಇಲ್ಲ, ನಾಲ್ಕು ದಿನ ನೋಡಿಕೋ ಎಂದ. ನಾಲ್ಕು ದಿನ ಹದಿನೈದಾಯಿತು. ಭಾಮೈದ ಜರಡಿಯನ್ನು ಎತ್ತಿ ಒಗೆದು, "ಭಾವ, ನನ್ನ ಮುಖ ನೋಡಿ ಹೇಳಿ, ನಾನೇನು ಕೆಲಸ ಬರ್ದೋನಾ?" ಎಂದು ಎಲ್ಲರೆದುರು ಕೇಳಿದ. ಮೇಸ್ತ್ರಿ ಮುಖ ನೋಡಲಿಲ್ಲ. "ಇನ್ನೆರಡು ದಿನ," ಎಂದ.

ಇದನ್ನೆಲ್ಲ ನನಗೆ ಹೇಳಿದವನು ಆತನೇ. ಒಂದು ಬೆಳಿಗ್ಗೆ ನನ್ನ ಮನೆಗೆ ಬಂದ. ಒಳಗೆ ಕರೆದರೆ ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ಎಲ್ಲ ಹೇಳಿದ. ಭಾನುವಾರದ ಗಾರೆ, ಕಣ್ಣಿನ ಆಸ್ಪತ್ರೆ, ಬಾಂಡ್ಲಿ. ಮುಗಿಸಲು ಮುಕ್ಕಾಲು ಗಂಟೆ ಬೇಕಾಯಿತು.

"ಸರಿ," ಎಂದೆ. "ಇದನ್ನೇ ಬರೆದು ಕೊಡಿ. ಕಂಪನಿಗೆ ಕಳಿಸ್ತೀನಿ."

"ಬರೆದ್ರೆ ಅವನ ಹೆಸರು ಬರುತ್ತೆ ಮೇಡಂ."

"ಬರಬೇಕಲ್ಲ?"

"ಕುರುಡ ಅಂತಾರೆ. ಇನ್ನು ಯಾವ ಸೈಟಲ್ಲೂ ಒಳಗೆ ಬಿಡಲ್ಲ. ನನ್ನ ಹೆಂಡ್ತಿ..."

"ಹಾಗಾದ್ರೆ ನನ್ನ ಹತ್ರ ಯಾಕೆ ಬಂದ್ರಿ?"

ಆತ ಮತ್ತೆ ಚೌಕಟ್ಟನ್ನು ಕೆರೆಯತೊಡಗಿದ.

"ನಾನು ಹೇಳ್ಲಾ? ಇಷ್ಟು ದಿನ ನೀವೊಬ್ರೇ ಹೊರ್ತಿದ್ರಿ. ಈಗ ಈ ಮುದುಕಿ ತಲೆ ಮೇಲೂ ಒಂದು ಬಾಂಡ್ಲಿ ಇಟ್ಟು ಹೋಗೋಣ ಅಂತ."

"ಅಲ್ಲ ಮೇಡಂ..."

"ಅದೇ."

ತಲೆ ತಗ್ಗಿಸಿ ಹೋದ. ನನಗೆ ಆತನ ಮೇಲೆ ಕನಿಕರ ಬರಲಿಲ್ಲ. ಸಿಟ್ಟು ಬಂತು, ಅದರಲ್ಲಿ ಎಷ್ಟು ಪಾಲು ನನ್ನ ಮೇಲಿನದೇ ಎಂಬುದನ್ನು ಅಳೆದು ನೋಡಿಲ್ಲ.

ಆ ವಾರ ಕಂಪನಿಗೆ ಪತ್ರ ಬರೆದೆ. ನನ್ನ ವರದಿ ತಪ್ಪು, ಗೋಡೆಗಳನ್ನು ನಾನು ಪರೀಕ್ಷಿಸಲಿಲ್ಲ, ಪರೀಕ್ಷಿಸದೆ ಯಂತ್ರದ ಬಗ್ಗೆ ಹೇಳುವ ಹಕ್ಕು ನನಗಿರಲಿಲ್ಲ ಎಂದೆ. ಮೇಸ್ತ್ರಿ ಹೇಳಿದ್ದನ್ನು ಬರೆಯಲಿಲ್ಲ. ಅದನ್ನು ಹೇಳಬೇಕಾದವನು ಆತ. ಮತ್ತೊಂದು ಪ್ರಯೋಗ ಆಗಲಿ, ಈ ಸಲ ಗಾರೆ ಹಾಕುವ ಮೊದಲು ಪ್ರತಿ ಗೋಡೆಗೂ ತೂಗುಗುಂಡು ಬಿಟ್ಟು ಅಳೆಯಲಿ ಎಂದು ಕೇಳಿದೆ. ಅವರು ಒಪ್ಪಿದರು. ಜೊತೆಗೆ ತಮ್ಮದೊಂದು ಷರತ್ತು ಸೇರಿಸಿದರು: ಅಳತೆಯ ಹಾಳೆಯಲ್ಲಿ ಕಟ್ಟಿದವರ ಹೆಸರು ಬರೆಯಬೇಕು, ಹತ್ತು ಮಿಲಿಮೀಟರಿಗಿಂತ ಹೆಚ್ಚು ವಾಲಿದ ಗೋಡೆ ಕಟ್ಟಿದವರನ್ನು, ಮೇಸ್ತ್ರಿಯಾಗಲಿ ಯಾರೇ ಆಗಲಿ, ಗೋಡೆ ಕೆಲಸದಿಂದ ಇಳಿಸಬೇಕು. ಪರೀಕ್ಷೆ ಕೊಟ್ಟು ಪಾಸಾದ ಮೇಲೆಯೇ ಮತ್ತೆ ಹತ್ತಬೇಕು. ಈ ಷರತ್ತನ್ನು ಹಿಂದಿನ ದಿನವೇ ಎಲ್ಲರಿಗೂ ಓದಿ ಹೇಳಿದರು.

ಐದನೆಯ ಅಂತಸ್ತಿಗೆ ಇನ್ನೂ ಗಾರೆಯಾಗಿರಲಿಲ್ಲ. ಬರಿಯ ಇಟ್ಟಿಗೆ. ಹತ್ತು ಗಂಟೆಗೆ ಶುರು ಮಾಡಿದೆವು. ಮೇಸ್ತ್ರಿ ಏಣಿಯ ಮೇಲೆ, ಕೈಯಲ್ಲಿ ತೂಗುಗುಂಡಿನ ದಾರ. ಏಣಿ ಹಿಡಿಯಲು ಭಾಮೈದನನ್ನು ಜರಡಿಯಿಂದ ಕರೆಸಿದ್ದ. ಬೇರೆ ಯಾರನ್ನಾದರೂ ಕರೆಯಬಹುದಿತ್ತು, ಯಾಕೆ ಇವನೇ ಎಂದು ನನಗೆ ಆಗ ತಿಳಿಯಲಿಲ್ಲ. ಮಷಿನಕ್ಕ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದಳು. ಎಂಜಿನಿಯರು ಫೋನಿನಲ್ಲಿ ಮಾತಾಡುತ್ತಾ ಒಳಗೆ ಹೊರಗೆ ಓಡಾಡುತ್ತಿದ್ದ. ನಾನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಿದ್ದೆ.

ಮೊದಲ ಕೋಣೆ, ಬಲಗೋಡೆ. ಮೇಸ್ತ್ರಿ ಗೋಡೆಯ ಮೇಲ್ತುದಿಗೆ ಮೊಳೆ ಹೊಡೆದು ದಾರ ಇಳಿಬಿಟ್ಟ. ಗುಂಡು ತೂಗಾಡಿ ನಿಂತಿತು. ಇಳಿದು ಬಂದು, ಮಂಡಿಯೂರಿ, ಕೆಳಗೆ ಅಳತೆಪಟ್ಟಿ ಇಟ್ಟ.

"ಇಪ್ಪತ್ತಾರು."

ಮಷಿನಕ್ಕ ಬರೆದುಕೊಂಡಳು. "ಕಟ್ಟಿದವರು?"

ಅದನ್ನು ಕಟ್ಟಿದವನು ಯಾರೆಂದು ಆಕೆಗೆ ಗೊತ್ತು. ಆ ಅಂತಸ್ತಿನಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ತಂಡಕ್ಕೆಲ್ಲ ಗೊತ್ತು. ಭಾಮೈದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಅದರ ಮೇಲೆ ಯಾರೂ ಇಲ್ಲದಿದ್ದರೂ.

"ನಾನು," ಎಂದ ಮೇಸ್ತ್ರಿ.

ಪೆನ್ನು ಕಾಗದದ ಮೇಲೆ ನಿಂತಿತು. "ಮೇಸ್ತ್ರಿಗಳೇ, ಇದು..."

"ನಾನು ಕಟ್ಟಿದ್ದು. ನಾಲ್ಕನೇ ಅಂತಸ್ತಲ್ಲಿ ನಿನ್ನ ಮಷಿನ್ ಗಾರೆ ಬೀಳಿಸ್ತಲ್ಲ, ಆ ಗೋಡೆಗಳೂ ಹೀಗೇ ಇದ್ವು. ನಿನ್ನ ಮಷಿನ್ ಸರಿಯಾಗೇ ಇತ್ತು. ಭಾನುವಾರ ಬಂದು ನಾನೇ ಮುಚ್ಚಿದೆ. ಅದನ್ನೂ ಎಲ್ಲಾದ್ರೂ ಬರ್ಕೋ, ಜಾಗ ಇದ್ರೆ."

ಎಂಜಿನಿಯರು ಫೋನನ್ನು ಕಿವಿಯಿಂದ ತೆಗೆದ.

"ಭಾವ," ಎಂದ ಭಾಮೈದ, ಗಂಟಲೊಳಗೆ. "ಅದು ನಾನು..."

"ನಿನ್ನನ್ನ ಯಾರು ಕೇಳಿದ್ರು? ಏಣಿ ಹಿಡಿ."

ಆಕೆ ನನ್ನ ಕಡೆ ನೋಡಿದಳು. ತಪ್ಪು ವಿವರ ಬರೆದ ವಿದ್ಯಾರ್ಥಿಗಳ ಹಾಳೆಗಳನ್ನು ನಾನು ನಲವತ್ತು ವರ್ಷ ಹಿಂತಿರುಗಿಸಿದವಳು. ಅಳತೆಗಳು ಸರಿಯಾಗಿದ್ದವು. ನಾನು ಏನೂ ಹೇಳಲಿಲ್ಲ. ಆಕೆ ಬರೆದಳು.

ಎಡಗೋಡೆ ಹತ್ತೊಂಬತ್ತು. ನಾನು, ಎಂದ. ಎರಡನೆಯ ಕೋಣೆಯಲ್ಲಿ ಇಪ್ಪತ್ತೆರಡು, ಮೂವತ್ತೊಂದು, ಹದಿನೇಳು. ನಾನು, ನಾನು, ನಾನು. ಒಮ್ಮೆಯೂ ಧ್ವನಿ ಏರಿಸಲಿಲ್ಲ. ಮೂವತ್ತೈದು ವರ್ಷ ನೆಟ್ಟಗೆ ಗೋಡೆ ಕಟ್ಟಿದವನ ಹೆಸರಿನ ಮುಂದೆ ಆ ಹಾಳೆಯಲ್ಲಿ ಡೊಂಕು ಗೋಡೆಗಳು ಒಂದರ ಕೆಳಗೊಂದು ಸೇರುತ್ತಾ ಹೋದವು. ಪ್ರತಿ ಸಾಲಿನ ಕೊನೆಗೆ ಆತನೇ ಸಹಿ ಹಾಕಿದ. ಅಕ್ಷರ ಕೂಡಿಸಿ ಬರೆಯುವವನಾದ್ದರಿಂದ ಹೊತ್ತು ಹಿಡಿಯಿತು. ಭಾಮೈದ ಕೋಣೆಯಿಂದ ಕೋಣೆಗೆ ಏಣಿ ಹೊತ್ತುಕೊಂಡು ಹಿಂದೆ ಬಂದ. ಬಾಗಿಲಿನ ಚೌಕಟ್ಟು ಕಾಣದೆ ಎರಡು ಸಲ ಏಣಿಯನ್ನು ಅದಕ್ಕೆ ಬಡಿದ. ಮೇಸ್ತ್ರಿ ಎರಡು ಸಲವೂ ಏಣಿಯ ತುದಿ ಹಿಡಿದು ಸುಮ್ಮನೆ ತಿರುಗಿಸಿದ.

ಹನ್ನೆರಡು ಗಂಟೆಗೆ ಕೊನೆಯ ಕೋಣೆ. ಕಿಟಕಿಯ ಪಕ್ಕದ ಗೋಡೆ ಮೇಸ್ತ್ರಿಯದು. ಇದನ್ನು ಹೇಳಲು ಯಾರೂ ಬೇಕಿರಲಿಲ್ಲ; ಇಟ್ಟಿಗೆಯ ಸಾಲುಗಳನ್ನು ನೋಡಿದರೇ ಆತನ ಕೈ ಗೊತ್ತಾಗುತ್ತಿತ್ತು. ದಾರ ಬಿಟ್ಟ. ಅದು ಗೋಡೆಯ ಉದ್ದಕ್ಕೂ ಒಂದೇ ಅಂತರದಲ್ಲಿ ನಿಂತಿತು. ಮಂಡಿಯೂರಿ ಪಟ್ಟಿ ಇಟ್ಟು ನೋಡಿದ.

"ಎರಡು," ಎಂದ.

"ಎರಡೇ?" ಎಂದಳು ಮಷಿನಕ್ಕ. ಬಗ್ಗಿ ತಾನೂ ನೋಡಿದಳು. ಎರಡೇ. ಹೆಸರಿನ ಜಾಗದಲ್ಲಿ ಆತನ ಹೆಸರನ್ನು ಬರೆಯತೊಡಗಿದ್ದಳು.

ಮೇಸ್ತ್ರಿ ಏಳುತ್ತಾ, ಮಂಡಿಯ ಧೂಳು ಕೊಡವಿಕೊಂಡು, ಹಾಳೆಯ ಮೇಲೆ ಬೆರಳಿಟ್ಟ.

"ಅದನ್ನ ಹೊಡೆದು ಹಾಕು," ಎಂದ. "ಇದು ನಮ್ಮ ಭಾಮೈದ ಕಟ್ಟಿದ್ದು."